ಶಾಲೆಯ ಗಂಟೆಯ ಆಚೆ: ಮಲೆನಾಡಿನ ಊರಿನಲ್ಲಿ ಮಕ್ಕಳಿಗೆ ಸಂಜೆಯ ತಿಂಡಿ ಮತ್ತು ರಜೆಯ ಊಟ ನಡೆಸುವ ಬಗೆ

ಆಗುಂಬೆಯ ಕಡೆಯ ನಮ್ಮ ಊರಿನ ಮಕ್ಕಳು ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಮುಗಿಸುವಾಗ ಒಂದೂವರೆ ಗಂಟೆಯಾಗಿರುತ್ತದೆ. ನಾಲ್ಕು ಗಂಟೆಯ ಮೇಲೆ ಶಾಲೆ ಬಿಟ್ಟು, ತೋಟದ ಬದು, ಹಳ್ಳದ ಮೇಲಿನ ಸಂಕ (ಕಾಲುಸೇತುವೆ), ಗುಡ್ಡದ ಕಾಲುದಾರಿ ದಾಟಿ ಮನೆ ಸೇರುವಾಗ ಐದೂವರೆ ದಾಟುತ್ತದೆ. ಜುಲೈ ತಿಂಗಳಾದರೆ ತಾಯಿ ಗದ್ದೆಯ ನಟ್ಟಿಯಲ್ಲಿರುತ್ತಾರೆ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾದ ಮೇಲಂತೂ ರಾತ್ರಿ ಹತ್ತರವರೆಗೆ ಯಾರದೋ ಮನೆಯ ಅಂಗಳದಲ್ಲಿ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿರುತ್ತಾರೆ. ಮಗು ಡಬ್ಬಿಯಿಂದ ಎರಡು ರಸ್ಕು ತೆಗೆದು ಕಪ್ಪು ಚಹಾದಲ್ಲಿ ಅದ್ದಿ ತಿಂದು, ಒಂಬತ್ತು ಗಂಟೆಯ ಊಟಕ್ಕೆ ಕಾಯುತ್ತದೆ, ಇಲ್ಲವೇ ಕಾಯುತ್ತಲೇ ನಿದ್ದೆ ಹೋಗುತ್ತದೆ.

ಈ ಏಳೆಂಟು ಗಂಟೆಗಳ ಅಂತರವನ್ನು ಯಾವ ಯೋಜನೆಯೂ ತನ್ನ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಶಾಲೆಯ ಬಿಸಿಯೂಟಕ್ಕೆ ಗಟ್ಟಿಯಾದ ಆಧಾರವಿದೆ: 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು, ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹ ಆರಂಭವಾಯಿತು, 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಆದರೆ ಇವೆಲ್ಲ ಶಾಲೆಯ ಬಾಗಿಲು ತೆರೆದಿರುವ ದಿನಗಳಿಗೆ ಮಾತ್ರ. ಆರಿದ್ರಾ ಮಳೆ ಜಡಿ ಹಿಡಿದು ಜಿಲ್ಲಾಡಳಿತವು ರಜೆ ಘೋಷಿಸಿದ ದಿನ ಮಕ್ಕಳಿಗೆ ಪಾಠದ ಜೊತೆಗೆ ಊಟವೂ ತಪ್ಪುತ್ತದೆ. ದಸರಾ ರಜೆ ಮತ್ತು ಬೇಸಿಗೆ ರಜೆಗಳ ಕತೆಯೂ ಹೀಗೆಯೇ. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ನೀಡಲು ಸರ್ಕಾರವು ಮುಂದಾದದ್ದು ಬರದ ಕಾರಣಕ್ಕಾಗಿ. ಮಳೆಯ ರಜೆಗೆ ಅಂಥ ಏರ್ಪಾಟು ನಮ್ಮ ಕಡೆ ನಡೆದದ್ದನ್ನು ನಾನು ಕಂಡಿಲ್ಲ.

ಇಪ್ಪತ್ತರಿಂದ ನಲವತ್ತು ಮಕ್ಕಳಿರುವ ಒಂದು ಊರಿನಲ್ಲಿ ಈ ಅಂತರವನ್ನು ತುಂಬುವ ಕೆಲಸವನ್ನು ಹೇಗೆ ಆರಂಭಿಸಬೇಕು ಮತ್ತು ಹೇಗೆ ನಿಲ್ಲಿಸದೆ ನಡೆಸಬೇಕು ಎಂಬುದನ್ನು, ನಾವು ಕೆಲವರು ಸೇರಿ ಮಾಡಿ ಕಲಿತಷ್ಟರ ಮಟ್ಟಿಗೆ, ಇಲ್ಲಿ ಬರೆದಿದ್ದೇನೆ. ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಇದು ಅನ್ನದಾನದ ಸಡಗರವಲ್ಲ. ತಿಂಗಳಿಗೊಮ್ಮೆ ಪಾಯಸ ಮಾಡಿ ಬಡಿಸುವುದಕ್ಕಿಂತ ದಿನವೂ ಐದೂಕಾಲಿಗೆ ತಪ್ಪದೆ ಒಂದು ತಟ್ಟೆ ಅವಲಕ್ಕಿ ಕೊಡುವುದು ಕಷ್ಟದ ಕೆಲಸ, ಮತ್ತು ಮಗುವಿನ ಮೈಗೆ ಹತ್ತುವುದೂ ಅದೇ.

ಮೊದಲ ಹೆಜ್ಜೆ: ಹಸಿವು ಯಾವ ಹೊತ್ತಿನದು ಎಂದು ತಿಳಿಯುವುದು

ಯಾವ ಮನೆಯಲ್ಲಿ ಊಟಕ್ಕೆ ಕಷ್ಟವಿದೆ ಎಂದು ಕೇಳುತ್ತಾ ಹೋದರೆ ಯಾರೂ ಬಾಯಿ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ನಾವು ಮಕ್ಕಳನ್ನೇ ಕೂರಿಸಿಕೊಂಡು, ‘ನಿನ್ನೆ ಶಾಲೆ ಬಿಟ್ಟ ಮೇಲೆ ಮಲಗುವವರೆಗೆ ಏನೇನು ಮಾಡಿದೆ, ಹೇಳು’ ಎಂದು ಕೇಳಿದೆವು. ತಿಂದದ್ದರ ಸುದ್ದಿ ಆ ಕತೆಯ ನಡುವೆ ತಾನಾಗಿ ಬರುತ್ತದೆ. ನಾಲ್ಕನೆಯ ತರಗತಿಯ ಹುಡುಗನೊಬ್ಬ ಕರುವನ್ನು ಕಟ್ಟಿದ್ದು, ಪಂಪಿನ ಹತ್ತಿರ ಏಡಿ ನೋಡಿದ್ದು, ಟಿವಿ ನೋಡಿದ್ದು ಎಲ್ಲವನ್ನೂ ವಿವರವಾಗಿ ಹೇಳಿ, ‘ಆಮೇಲೆ ಅಮ್ಮ ಬಂದಳು, ನನ್ನನ್ನು ಎಬ್ಬಿಸಿದಳು’ ಎಂದು ನಿಲ್ಲಿಸಿದ. ಆ ನಡುವೆ ತಿಂದದ್ದೇನೂ ಇರಲಿಲ್ಲ. ಅವನ ಮನೆಯಲ್ಲಿ ಅಕ್ಕಿಗೇನೂ ಕೊರತೆಯಿಲ್ಲ. ಆ ಹೊತ್ತಿಗೆ ಬೇಯಿಸುವವರು ಮನೆಯಲ್ಲಿಲ್ಲ, ಅಷ್ಟೇ.

ಹೀಗೆ ಒಂದು ವಾರ ಕೇಳಿ ಬರೆದಿಟ್ಟರೆ ನಿಮ್ಮ ಊರಿನ ಚಿತ್ರ ಸಿಗುತ್ತದೆ. ಎಷ್ಟು ಮಕ್ಕಳು, ಯಾವ ತಿಂಗಳು, ಯಾವ ಹೊತ್ತು ಎಂಬ ಮೂರು ಸಂಗತಿಗಳು ಗೊತ್ತಾದರೆ ಸಾಕು. ಆದರೆ ತಿಂಡಿ ಕೊಡುವಾಗ ಮಾತ್ರ ಆರಿಸಿದ ಮಕ್ಕಳಿಗೆಂದು ಕೊಡಬಾರದು, ಬಂದವರೆಲ್ಲರಿಗೂ ಕೊಡಬೇಕು. ತೋಟದ ಯಜಮಾನರ ಮಗ ಪಕ್ಕದಲ್ಲಿ ಕುಳಿತು ತಿಂದರೆ ಉಳಿದವರ ಸಂಕೋಚ ತಾನಾಗಿ ಹೋಗುತ್ತದೆ, ಖರ್ಚೂ ಅಷ್ಟೇನು ಏರುವುದಿಲ್ಲ.

ಎರಡನೆಯದು: ಜಾಗ, ಜನ, ಒಪ್ಪಿಗೆ

ಮಕ್ಕಳು ಮನೆಗೆ ಹೋಗುವ ದಾರಿಯಲ್ಲೇ ಜಾಗವಿರಬೇಕು. ತಿಂಡಿಗಾಗಿ ಅರ್ಧ ಕಿಲೋಮೀಟರು ಸುತ್ತಿ ಬರಬೇಕಾದರೆ ಮಳೆಗಾಲದಲ್ಲಿ ಯಾರೂ ಬರುವುದಿಲ್ಲ. ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಯುವಕ ಮಂಡಳಿಯ ಕಟ್ಟಡ, ಇಲ್ಲವೇ ದೊಡ್ಡ ಜಗಲಿಯಿರುವ ಮನೆ ಸಾಕಾಗುತ್ತದೆ. ಶಾಲೆಯ ಅಡುಗೆಮನೆಯನ್ನೇ ಬಳಸುವುದಾದರೆ ಮುಖ್ಯ ಶಿಕ್ಷಕರ ಮತ್ತು ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಲಿಖಿತ ಒಪ್ಪಿಗೆ ಬೇಕು; ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆಗೆ ಕೈ ಹಚ್ಚಕೂಡದು, ನಿಮ್ಮ ಸಾಮಾನಿನ ಡಬ್ಬಿಗಳೂ ಬೀಗವೂ ಬೇರೆಯೇ ಇರಲಿ. ಆಹಾರ ಸುರಕ್ಷತೆಯ ಕಾಯಿದೆಯು ಲಾಭವಿಲ್ಲದೆ ಊಟ ಕೊಡುವವರನ್ನೂ ಒಳಗೊಳ್ಳುತ್ತದೆ. ಇಷ್ಟು ಸಣ್ಣ ಪ್ರಮಾಣಕ್ಕೆ ಪರವಾನಗಿ ಬೇಕಿಲ್ಲ, ನೋಂದಣಿ ಸಾಕು. ತಾಲ್ಲೂಕಿನ ಆಹಾರ ಸುರಕ್ಷತಾಧಿಕಾರಿಯನ್ನು ಒಮ್ಮೆ ಕಂಡು ಮಾತನಾಡಿದರೆ ಮುಂದೆ ಅಂಜಿಕೆಯಿರುವುದಿಲ್ಲ.

ಪ್ರತಿ ಮಗುವಿನ ಮನೆಯವರಿಂದ ಒಂದು ಚೀಟಿ ಬರೆಸಿಕೊಳ್ಳಿ. ಮಗುವಿಗೆ ಒಗ್ಗದ ಪದಾರ್ಥವೇನು, ಮೊಟ್ಟೆ ತಿನ್ನುವುದೇ, ಯಾವುದಾದರೂ ಔಷಧ ನಡೆಯುತ್ತಿದೆಯೇ, ಜ್ವರ ಬಂದರೆ ಯಾರಿಗೆ ಫೋನು ಮಾಡಬೇಕು ಎಂಬುದು ಅದರಲ್ಲಿರಲಿ. ಕಡಲೆಬೀಜ ತಿಂದರೆ ತುಟಿ ಊದುವ ಮಗು ಇಡೀ ಊರಿಗೆ ಒಂದೇ ಇದ್ದರೂ ಅದು ಅಡುಗೆಮನೆಯ ಗೋಡೆಯ ಮೇಲೆ ಬರೆದಿರಬೇಕಾದ ವಿಷಯ.

ಅಡುಗೆಗೆ ಇಬ್ಬರು ಬೇಕು, ಅವರಿಗೆ ಸಂಭಾವನೆ ಕೊಡಬೇಕು. ಸೇವೆಯೆಂದು ಬಿಟ್ಟಿ ಕೆಲಸ ಮಾಡಿಸಿದರೆ ನಟ್ಟಿಯ ಕಾಲಕ್ಕೆ ಒಲೆ ಉರಿಯುವುದಿಲ್ಲ. ಸ್ತ್ರೀಶಕ್ತಿ ಸಂಘದವರು ವಾರದ ಪಾಳಿಯಲ್ಲಿ ಬಂದರೆ ಒಳ್ಳೆಯದು. ಇಲ್ಲಿ ಒಂದು ಮುಜುಗರದ ಮಾತನ್ನೂ ಹೇಳಲೇಬೇಕು. ಯಾರು ಬೇಯಿಸುತ್ತಾರೆ ಎಂಬ ಪ್ರಶ್ನೆ ನಮ್ಮಲ್ಲಿ ಬಂದೇ ಬರುತ್ತದೆ, ಬಾಯಿಬಿಟ್ಟು ಕೇಳದಿದ್ದರೂ ಎರಡು ಮನೆಯ ಮಕ್ಕಳು ಬರುವುದನ್ನು ನಿಲ್ಲಿಸುತ್ತಾರೆ. ಆಗ ಅಡುಗೆಯವರನ್ನು ಬದಲಿಸಬಾರದು. ಒಮ್ಮೆ ಬದಲಿಸಿದರೆ ಮತ್ತೆಂದೂ ಆ ಹೆಂಗಸರ ಎದುರು ನಿಮಗೆ ಮುಖವಿರುವುದಿಲ್ಲ. ಹೋದ ಮನೆಗಳೊಡನೆ ಜಗಳಕ್ಕೂ ನಿಲ್ಲಬಾರದು. ನಾವು ಬಾಗಿಲು ತೆರೆದಿಟ್ಟು ಸುಮ್ಮನಿದ್ದೆವು. ಆ ಮನೆಗಳಲ್ಲೊಂದರ ಅಜ್ಜಿ ಮೊದಲು ತೆಂಗಿನಕಾಯಿ ಕಳಿಸಿದರು, ಆಮೇಲೆ ಮೊಮ್ಮಗಳನ್ನು. ಇನ್ನೊಂದು ಮನೆಯವರು ಇನ್ನೂ ಬಂದಿಲ್ಲ.

ಮೂರನೆಯದು: ನೀರು ಮತ್ತು ಬೆಂಕಿ

ನೀರಿನ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಬಾವಿಯದಾಗಲಿ, ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಬರುವುದಾಗಲಿ, ಕುಡಿಯುವ ನೀರನ್ನು ವರ್ಷವಿಡೀ ಕುದಿಸಬೇಕು. ಮಳೆಗಾಲದಲ್ಲಿ ನೀರು ಬಗ್ಗಡವಾಗಿದ್ದರೆ ಮೊದಲು ತಿಳಿಯಾಗಲು ಬಿಟ್ಟು, ಮಡಿಸಿದ ಬಟ್ಟೆಯಲ್ಲಿ ಸೋಸಿ, ಬಳಿಕ ಕೊತಕೊತ ಕುದಿಸಬೇಕು. ಕುದಿಸಿದ ನೀರಿನ ಹಂಡೆಗೆ ನಲ್ಲಿಯಿರಲಿ. ಮಕ್ಕಳು ಲೋಟ ಅದ್ದುವ ಹಂಡೆಯಲ್ಲಿ ಕುದಿಸಿದ್ದಕ್ಕೆ ಅರ್ಥವಿಲ್ಲ. ಸೌದೆ ಜೂನ್‌ನಿಂದ ಹಸಿಯಾಗಿರುತ್ತದೆ, ಹೊಗೆ ತಿನ್ನುವವರು ಅಡುಗೆಯ ಅಕ್ಕಂದಿರು, ಆದ್ದರಿಂದ ಗ್ಯಾಸು ಇಟ್ಟುಕೊಳ್ಳಿ.

ನಾಲ್ಕನೆಯದು: ಏನು, ಎಷ್ಟು

ಬಿಸಿಯೂಟದ ಲೆಕ್ಕದಲ್ಲಿ ಒಂದರಿಂದ ಐದನೆಯ ತರಗತಿಯ ಮಗುವಿಗೆ 450 ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನು, ಆರರಿಂದ ಎಂಟಕ್ಕೆ 700 ಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನು ಸಿಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1700 ಕ್ಯಾಲರಿ ಮತ್ತು 23 ಗ್ರಾಂ ಪ್ರೋಟೀನು ಬೇಕು. ಇದನ್ನೆಲ್ಲ ನೋಡಿ ನಾವು ಸಂಜೆಯ ತಿಂಡಿಗೆ ಹಾಕಿಕೊಂಡ ಅಳತೆ 250ರಿಂದ 300 ಕ್ಯಾಲರಿ, ಏಳೆಂಟು ಗ್ರಾಂ ಪ್ರೋಟೀನು. ಇದಕ್ಕಿಂತ ಹೆಚ್ಚು ಕೊಟ್ಟರೆ ಮಗು ರಾತ್ರಿಯ ಊಟ ಬಿಡುತ್ತದೆ. ಮೊದಲ ತಿಂಗಳ ಹುಮ್ಮಸ್ಸಿನಲ್ಲಿ ಸಂಜೆಯೇ ಬಿಸಿಬೇಳೆಬಾತು, ಕೇಸರಿಬಾತು ಮಾಡಿ ಹಾಕಿದೆವು. ಹತ್ತು ದಿನಕ್ಕೆ ತಾಯಂದಿರೇ ಬಂದು, ‘ನಮ್ಮ ಮಗ ಮನೆಯ ಸಾರು ಮುಟ್ಟುವುದಿಲ್ಲ ಮಾರಾಯರೇ’ ಎಂದು ತಕರಾರು ತೆಗೆದರು. ತಕರಾರು ನ್ಯಾಯವಾಗಿಯೇ ಇತ್ತು.

ಒಂದು ಧಾನ್ಯ, ಒಂದು ಕಾಳು, ಹಿತ್ತಲಿನದೊಂದು ಹಣ್ಣೋ ಸೊಪ್ಪೋ, ಇಷ್ಟು ಸೇರಿದರೆ ತಿಂಡಿ ಪೂರ್ತಿಯಾಗುತ್ತದೆ. ಮೂವತ್ತು ಮಕ್ಕಳ ಲೆಕ್ಕದಲ್ಲಿ ನಮ್ಮಲ್ಲಿ ನಿಂತ ತಿಂಡಿಗಳು ಇವು.

ಅವಲಕ್ಕಿಗೆ ಒಂದೂವರೆ ಕಿಲೋ ದಪ್ಪ ಅವಲಕ್ಕಿ, 600 ಗ್ರಾಂ ಕಡಲೆಬೀಜ, ಒಂದು ದೊಡ್ಡ ತೆಂಗಿನಕಾಯಿ ಬೇಕು. ಕಡಲೆಬೀಜವನ್ನು ಮೊದಲೇ ಹುರಿದಿಟ್ಟುಕೊಂಡರೆ ಇಪ್ಪತ್ತು ನಿಮಿಷದ ಕೆಲಸ. ಒಬ್ಬೊಬ್ಬರಿಗೆ 50 ಗ್ರಾಂ ಅವಲಕ್ಕಿ, 20 ಗ್ರಾಂ ಬೀಜ ಬೀಳುತ್ತದೆ. 300 ಕ್ಯಾಲರಿಗೆ ಇಷ್ಟೇ ಸಾಕು, ಪ್ರೋಟೀನೂ ಎಂಟು ಗ್ರಾಂ ದಾಟುತ್ತದೆ. ಕಡಲೆಬೀಜವಿಲ್ಲದ ಅವಲಕ್ಕಿ ಹೊಟ್ಟೆ ತುಂಬಿಸುತ್ತದೆ, ಅದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ. ಆದ್ದರಿಂದ ಬೆಲೆ ಏರಿದಾಗ ಬೀಜವನ್ನು ಕಡಿಮೆ ಮಾಡುವ ಆಸೆಗೆ ಬೀಳಬೇಡಿ.

ಹೆಸರುಕಾಳಿನ ಉಸಲಿಗೆ ಒಂದು ಕಿಲೋ ಕಾಳು, ಒಂದು ಕಾಯಿ. ರಾತ್ರಿ ನೆನೆಸಿದರೆ ಬೇಸಿಗೆಯಲ್ಲಿ ಮರುದಿನವೇ ಮೊಳಕೆ ಕಣ್ಣು ಬಿಡುತ್ತದೆ. ಆಷಾಢದ ಥಂಡಿಯಲ್ಲಿ ಎರಡು ದಿನ ಬೇಕಾಗುತ್ತದೆ, ಅದೂ ಬಟ್ಟೆಯಲ್ಲಿ ಕಟ್ಟಿ ಬಚ್ಚಲೊಲೆಯ ಪಕ್ಕ ತೂಗುಹಾಕಿದರೆ ಮಾತ್ರ. ಅಂಟಂಟಾಗಿ ವಾಸನೆ ಬಂದ ಮೊಳಕೆಯನ್ನು ತೊಳೆದು ಬಳಸುವ ಉಳಿತಾಯ ಬೇಡ, ಎಮ್ಮೆಗೂ ಹಾಕಬೇಡಿ, ಗೊಬ್ಬರದ ಗುಂಡಿಗೆ ಹೋಗಲಿ. ಮೊಳಕೆಯನ್ನು ಮಕ್ಕಳಿಗೆ ಹಸಿಯಾಗಿ ಕೊಡದೆ ಚೆನ್ನಾಗಿ ಬೇಯಿಸಿ, ಇಂಗು ಶುಂಠಿಯ ಒಗ್ಗರಣೆ ಹಾಕಿ, ಜೊತೆಗೆ ಒಂದೊಂದು ಬಾಳೆಹಣ್ಣು ಕೊಟ್ಟರೆ ಲೆಕ್ಕ ಸರಿಯಾಗುತ್ತದೆ. ಹುರುಳಿ, ಅಲಸಂದೆ, ಕಡಲೆಗಳನ್ನೂ ಹೀಗೆಯೇ ಸರದಿಯಲ್ಲಿ ಮಾಡಬಹುದು.

ರಾಗಿ ಮಾಲ್ಟಿಗೆ 600 ಗ್ರಾಂ ಹಿಟ್ಟು, ಮೂರು ಲೀಟರು ಹಾಲು, 450 ಗ್ರಾಂ ಬೆಲ್ಲ. ಹಿಟ್ಟನ್ನು ಒಂದೂವರೆ ಲೀಟರು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಎರಡು ಲೀಟರು ಕುದಿಯುವ ನೀರಿಗೆ ಸುರಿದು, ಹಸಿವಾಸನೆ ಹೋಗುವವರೆಗೆ ತಿರುವಬೇಕು. ಕರಗಿಸಿ ಸೋಸಿದ ಬೆಲ್ಲವನ್ನು ಹಾಕಿ ಒಲೆಯಿಂದ ಇಳಿಸಿದ ಮೇಲೆಯೇ ಕಾಯಿಸಿದ ಹಾಲು ಬೆರೆಸಬೇಕು. ಕುದಿಯುತ್ತಿರುವಾಗ ಬೆರೆಸಿದರೆ ಹಾಲು ಒಡೆಯುತ್ತದೆ, ಮೂವತ್ತು ಜನರ ತಿಂಡಿ ಒಟ್ಟಿಗೇ ಹಾಳಾಗುತ್ತದೆ. ಮಲೆನಾಡಿನವರು ಅಕ್ಕಿಯ ಜನ, ರಾಗಿಗೆ ಮೂಗು ಮುರಿಯುವ ಮಕ್ಕಳು ಇದ್ದೇ ಇರುತ್ತಾರೆ. ಆದರೆ ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಏಲಕ್ಕಿ ಪುಡಿ ಹಾಕಿ, ವಾರಕ್ಕೊಂದೇ ದಿನದಿಂದ ಶುರು ಮಾಡಿ. ಈ ದಿನ ಜೊತೆಗೆ ಒಂದು ಹಿಡಿ ಹುರಿಗಡಲೆ ಕೊಡಬೇಕು, ಇಲ್ಲದಿದ್ದರೆ ಪ್ರೋಟೀನು ಸಾಲದು.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಉಂಡೆಗಡುಬು. ಎರಡು ಕಿಲೋ ಅಕ್ಕಿ ತರಿ, ಅರ್ಧ ಕಿಲೋ ಹೆಸರುಬೇಳೆ, ಒಂದು ಕಾಯಿ, ಜೀರಿಗೆ, ಮೆಣಸು. ತರಿಯನ್ನು ಹುರಿದು, ನೆನೆಸಿದ ಬೇಳೆಯೊಡನೆ ಉಪ್ಪುನೀರಿನಲ್ಲಿ ಉಪ್ಪಿಟ್ಟಿನಂತೆ ಕೆದಕಿ, ಕೈ ತಾಳುವಷ್ಟು ಬಿಸಿಯಿರುವಾಗ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ಅರುವತ್ತರಷ್ಟು ಕಡುಬಾಗುತ್ತದೆ, ಒಬ್ಬರಿಗೆ ಎರಡು. ಎಣ್ಣೆ ಬೇಡ, ಪಲ್ಯ ಬೇಡ, ಬೇಯುತ್ತಿರುವಾಗ ಅಡುಗೆಯವರು ಬೇರೆ ಕೆಲಸ ನೋಡಬಹುದು. ಅಕ್ಕಿರೊಟ್ಟಿ, ನೀರುದೋಸೆಗಳನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಒಂದೊಂದಾಗಿ ಕಾವಲಿಯ ಮೇಲೆ ಬೇಯಬೇಕಾದ ಯಾವ ತಿಂಡಿಯೂ ಮೂವತ್ತು ಜನಕ್ಕೆ ಆಗುವಂಥದಲ್ಲ, ಮೊದಲನೆಯವನು ತಿಂದು ಮನೆ ಸೇರಿದರೂ ಕೊನೆಯವಳು ಕಾಯುತ್ತಿರುತ್ತಾಳೆ.

ಮೊಟ್ಟೆಯನ್ನು ನಾವು ಶಾಲೆಯ ದಿನಗಳಲ್ಲಿ ಕೊಡುವುದಿಲ್ಲ, ಶಾಲೆಯಲ್ಲೇ ಸಿಗುತ್ತದೆ. ಆ ಹಣವನ್ನು ರಜೆಗೆ ಉಳಿಸುವುದು ಜಾಣತನ.

ಹಿತ್ತಲು ಮತ್ತು ಕಾಡಿನಿಂದ ಬರುವುದು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ; ಅದೇ ತಟ್ಟೆಯಲ್ಲಿ ಹುಳಿಹಣ್ಣಿನ ಸಿ ಜೀವಸತ್ವವಿದ್ದರೆ ಹತ್ತುತ್ತದೆ, ಪಕ್ಕದಲ್ಲಿ ಚಹಾ ಇದ್ದರೆ ಇನ್ನಷ್ಟು ಕಡಿಮೆಯಾಗುತ್ತದೆ. ಹೀಗಾಗಿ ನಮ್ಮಲ್ಲಿ ಎರಡು ಕಟ್ಟುನಿಟ್ಟುಗಳಿವೆ: ಉಸಲಿಯ ದಿನ ಪೇರಲೆಯ ಹೋಳೋ, ನೆಲ್ಲಿಕಾಯಿಯೋ, ನಿಂಬೆಯ ಹಿಂಡೋ ಇರಲೇಬೇಕು, ಚಹಾ ಇರಲೇಕೂಡದು. ಚಹಾ ಕೇಳುವ ಮಕ್ಕಳಿಗೆ ಕೊತ್ತಂಬರಿ ಜೀರಿಗೆಯ ಕಷಾಯವನ್ನು ಹಾಲು ಬೆಲ್ಲ ಹಾಕಿ ಕೊಡುತ್ತೇವೆ. ಬಿಸಿಯಾಗಿದ್ದು, ಕಂದು ಬಣ್ಣವಿದ್ದು, ಲೋಟದಲ್ಲಿ ಬಂದರೆ ಅರ್ಧ ಮಕ್ಕಳಿಗೆ ಅದು ಚಹಾವೇ.

ಇಲ್ಲಿ ಹಣ ಕೊಟ್ಟು ಹಣ್ಣು ತರುವುದು ಕಡಿಮೆ. ಜುಲೈ ಆಗಸ್ಟಿನ ಪೇರಲೆ, ಚಳಿಗಾಲದ ನೆಲ್ಲಿ, ಬೇಸಿಗೆಯ ಮಾವು ಹಲಸು, ವರ್ಷವಿಡೀ ಪಪ್ಪಾಯಿ ಮತ್ತು ಬಾಳೆ. ಯಾವ ಮನೆಯಲ್ಲಿ ಯಾವ ಗೊನೆ ಯಾವಾಗ ಹಣ್ಣಾಗುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ, ಕೊಡುವವರಿಗೆ ಇದು ಭಾರವೆನಿಸುವುದಿಲ್ಲ. ಒಂದೆಲಗ, ದೊಡ್ಡಪತ್ರೆಗಳ ತಂಬುಳಿ ರಜೆಯ ಊಟಕ್ಕೆ ಒಪ್ಪುತ್ತದೆ. ನುಗ್ಗೆಸೊಪ್ಪನ್ನು ಕಡುಬಿನ ತರಿಯಲ್ಲಿ ಸಣ್ಣಗೆ ಹೆಚ್ಚಿ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ, ಹಾಗಂತ ಅಡುಗೆಯ ಅಕ್ಕ ಹೇಳಿದರು, ಮಕ್ಕಳಿಗೆ ಮೊದಲನೆಯ ದಿನವೇ ತಿಳಿದಿತ್ತು.

ಎಚ್ಚರವೂ ಬೇಕು. ಕೆಸುವಿನ ಎಲೆಯನ್ನು ಹುಣಿಸೆಹುಳಿಯೊಡನೆ ಪೂರ್ತಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ. ಕಳಲೆಯನ್ನು, ಅಂದರೆ ಎಳೆ ಬಿದಿರನ್ನು, ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿ, ಆ ನೀರನ್ನು ಬಸಿದೇ ಬಳಸಬೇಕು, ಇಲ್ಲದಿದ್ದರೆ ಅದರ ವಿಷ ಉಳಿಯುತ್ತದೆ. ಮನೆಯಲ್ಲಿ ಮಾಡಿ ತಿನ್ನಿ, ಊರ ಮಕ್ಕಳಿಗೆ ಬಡಿಸುವ ಅಡುಗೆಯಲ್ಲಿ ಬೇಡ. ಕಾಡಿನ ಅಣಬೆಯನ್ನಂತೂ, ತಂದವರು ಎಷ್ಟೇ ಅನುಭವಿಗಳಾಗಿದ್ದರೂ, ಈ ಒಲೆಯ ಮೇಲೆ ಇಡುವ ಹಾಗಿಲ್ಲ.

ಐದನೆಯದು: ಮಳೆಗಾಲದ ದಾಸ್ತಾನು

ಬಯಲುಸೀಮೆಯ ಕೈಪಿಡಿಗಳಲ್ಲಿ ಈ ಅಧ್ಯಾಯ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆಗುಂಬೆ, ಹುಲಿಕಲ್ಲುಗಳಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮಳೆ ಬೀಳುವುದುಂಟು. ಅಂಥ ಕಡೆ ಉಪ್ಪು ನೀರಾಗುತ್ತದೆ, ಬೆಲ್ಲ ಕರಗಿ ಹರಿಯುತ್ತದೆ, ಬೆಂಕಿಪೊಟ್ಟಣ ಹತ್ತುವುದಿಲ್ಲ. ನಾವು ಹೆಚ್ಚು ಪೆಟ್ಟು ತಿಂದದ್ದು ಕಡಲೆಬೀಜದಲ್ಲಿ. ಮೊದಲ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಪೇಟೆಯ ಅಂಗಡಿಯೊಂದರಿಂದ ಜೂನ್ ಮೊದಲ ವಾರ ಇಡೀ ಚೀಲ ತಂದು ಗೋಡೆಗೆ ಒರಗಿಸಿಟ್ಟೆವು. ಜುಲೈ ಮಧ್ಯದಲ್ಲಿ ಒಂದು ಸಂಜೆ ಪುಟ್ಟ ಹುಡುಗಿಯೊಬ್ಬಳು ಅವಲಕ್ಕಿಯ ತಟ್ಟೆಯಿಂದ ಬೀಜಗಳನ್ನು ಒಂದೊಂದಾಗಿ ಆರಿಸಿ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದಳು. ಗದರಿಸಹೊರಟವರು ಒಂದನ್ನು ಬಾಯಿಗೆ ಹಾಕಿಕೊಂಡರೆ ಕಹಿ. ಚೀಲದ ತಳಕ್ಕೆ ಕೈ ಹಾಕಿದಾಗ ಬೆಚ್ಚಗೆ ಇತ್ತು. ಬೀಜಗಳ ಕಣ್ಣಿನಲ್ಲಿ ಹಸಿರು ಬೂಸ್ಟು. ಅಂಥ ಬೂಸ್ಟಿನಲ್ಲಿ ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು, ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಇಡೀ ಚೀಲವನ್ನು ಗುಂಡಿ ತೋಡಿ ಮುಚ್ಚಿದೆವು. ತಪ್ಪು ಅಂಗಡಿಯದು ಎಷ್ಟೋ, ನಮ್ಮ ಗೋಡೆಯದು ಎಷ್ಟೋ, ಯಾರಿಗೆ ಗೊತ್ತು.

ಈಗ ಮಳೆಗಾಲದಲ್ಲಿ ಹತ್ತು ದಿನಕ್ಕೆ ಬೇಕಾಗುವಷ್ಟೇ ಬೀಜ ತರುತ್ತೇವೆ. ತಂದ ದಿನವೇ ಮೊರದಲ್ಲಿ ಹರಡಿ ಸುಕ್ಕಿದ್ದು, ಬಣ್ಣಗೆಟ್ಟದ್ದು, ಒಡೆದದ್ದನ್ನು ಆರಿಸಿ, ಉಳಿದದ್ದನ್ನು ಹುರಿದು, ಪೂರ್ತಿ ಆರಿದ ಮೇಲೆ ಬಿಗಿಮುಚ್ಚಳದ ಸ್ಟೀಲು ಡಬ್ಬಿಗೆ ತುಂಬುತ್ತೇವೆ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮತ್ತೆ ಅದೇ ಕತೆ. ಕಾಳು, ಅವಲಕ್ಕಿಗಳ ಡಬ್ಬಿಗಳು ನೆಲದಿಂದ ಒಂದಡಿ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಅಜ್ಜಿಯರು ಒಲೆಯ ಮೇಲಿನ ಅಟ್ಟದಲ್ಲಿ ಎಲ್ಲವನ್ನೂ ಇಡುತ್ತಿದ್ದುದಕ್ಕೆ ಕಾರಣವಿತ್ತು, ಗ್ಯಾಸು ಬಂದ ಮೇಲೆ ಅಟ್ಟ ಉಳಿಯಿತು, ಹೊಗೆ ಉಳಿಯಲಿಲ್ಲ. ಇಲಿಯ ಕಾಟಕ್ಕೆ ಬೋನು ಇಡಿ, ವಿಷ ಇಡಬೇಡಿ. ಇಲಿ ಓಡಾಡಿದ ತೆರೆದ ಸಾಮಾನನ್ನು ಎಸೆಯಿರಿ. ಇಲಿಜ್ವರ ನಮ್ಮ ಜಿಲ್ಲೆಗೆ ಹೊಸದಲ್ಲ.

ಆರನೆಯದು: ಬಡಿಸುವ ಹೊತ್ತು

ಐದೂಕಾಲು ಎಂದರೆ ಐದೂಕಾಲು. ಬೇಯಿಸಿದ್ದನ್ನು ಬಿಸಿಯಿರುವಾಗಲೇ ಬಡಿಸಬೇಕು, ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೇ ಇಟ್ಟದ್ದನ್ನು ಕೊಡಬಾರದು. ಮಧ್ಯಾಹ್ನ ಮಿಕ್ಕ ಅನ್ನಕ್ಕೆ ಸಂಜೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ಮನೆಯಲ್ಲಿ ನಡೆಯುತ್ತದೆ, ಇಲ್ಲಿ ನಡೆಯಬಾರದು; ಆರಿದ ಅನ್ನದಲ್ಲಿ ಬೆಳೆಯುವ ಕೆಲವು ಸೂಕ್ಷ್ಮಾಣುಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಾಡಿದ್ದರಲ್ಲಿ ಒಂದು ಲೋಟದಷ್ಟನ್ನು ಮುಚ್ಚಿ ಮರುದಿನದವರೆಗೆ ಫ್ರಿಜ್ಜಿನಲ್ಲಿಡಿ. ಯಾರಿಗಾದರೂ ವಾಂತಿಭೇದಿಯಾದರೆ ಪರೀಕ್ಷೆಗೆ ಬೇಕಾಗುತ್ತದೆ.

ಬಾಗಿಲಿನಲ್ಲೇ ಸಾಬೂನು, ನೀರು. ಜಿಗಣೆ ಕಚ್ಚಿದ ಕಾಲನ್ನು ಕೆರೆಯುತ್ತಾ ಬರುವ ಮಕ್ಕಳಿಗೆ ಕೈ ತೊಳೆಯಲು ಹೇಳಿದರೆ ಬೆರಳ ತುದಿ ನೆನೆಸಿ ಓಡುತ್ತಾರೆ, ಆದ್ದರಿಂದ ದೊಡ್ಡ ತರಗತಿಯ ಒಬ್ಬರನ್ನು ಅಲ್ಲಿ ನಿಲ್ಲಿಸಿ. ಎಲ್ಲರೂ ಒಂದೇ ಸಾಲಿನಲ್ಲಿ ಕೂರಲಿ, ಬಂದ ಹಾಗೆ ಕೂರಲಿ. ಎರಡನೆಯ ಸಲ ಕೇಳಿದವರಿಗೆ ಅರ್ಧ ಸೌಟು ಕೊಡಿ. ತಿನ್ನದೆ ಬಿಟ್ಟವರನ್ನು ಒತ್ತಾಯಿಸಬೇಡಿ, ಆದರೆ ಬಿಟ್ಟದ್ದನ್ನು ಪುಸ್ತಕದಲ್ಲಿ ಬರೆದಿಡಿ. ಮೂರು ದಿನ ಒಂದೇ ಮಗು ಬಿಟ್ಟರೆ ಅದು ಅಡುಗೆಯ ದೋಷವಲ್ಲ, ಬೇರೇನೋ ಇದೆ. ತಮ್ಮ ತಂಗಿಯರನ್ನು ಕರೆತಂದರೆ ಮೂರು ವರ್ಷದ ಮೇಲಿನವರಿಗೆ ಕೊಡಬಹುದು, ಐದರೊಳಗಿನವರಿಗೆ ಇಡೀ ಕಡಲೆಬೀಜ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕುಟ್ಟಿ ಪುಡಿ ಮಾಡಿ ಹಾಕಿ.

ಚೆನ್ನಾಗಿ ತಿಂದೂ ಮಗು ಬಡಕಲಾಗಿಯೇ ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದ ಮಾತ್ರೆ ತಪ್ಪಿದೆಯೇ ಎಂದು ಮೊದಲು ವಿಚಾರಿಸಿ. ತೂಕವನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು, ಎಲ್ಲರೆದುರು ಕೂಗಿ ಹೇಳಬಾರದು.

ಏಳನೆಯದು: ರಜೆಯ ಊಟ

ಶಾಲೆಯಿಲ್ಲದ ದಿನ ಬೇಕಾದದ್ದು ತಿಂಡಿಯಲ್ಲ, ಮಧ್ಯಾಹ್ನದ ಊಟ. ಮೂವತ್ತು ಮಕ್ಕಳಿಗೆ 3.75 ಕಿಲೋ ಅಕ್ಕಿ, 750 ಗ್ರಾಂ ತೊಗರಿಬೇಳೆ, ಎರಡು ಕಿಲೋ ತರಕಾರಿ, 200 ಗ್ರಾಂ ಎಣ್ಣೆ, ತಲೆಗೊಂದು ಮೊಟ್ಟೆ. ಇದು 700 ಕ್ಯಾಲರಿಯ ಹತ್ತಿರ ಬರುತ್ತದೆ, ಪ್ರೋಟೀನು 20 ಗ್ರಾಂ ದಾಟುತ್ತದೆ. ಮೊಟ್ಟೆ ತಿನ್ನದವರಿಗೆ 25 ಗ್ರಾಂ ಕಡಲೆಬೀಜದ ಚಿಕ್ಕಿ. ಮೊಟ್ಟೆಯನ್ನು ಮೊದಲು ನೀರಿನಲ್ಲಿ ಬಿಟ್ಟು ನೋಡಿ, ತೇಲಿದ್ದನ್ನು ಬಿಸಾಡಿ, ಉಳಿದವನ್ನು ಹತ್ತು ಹನ್ನೆರಡು ನಿಮಿಷ ಗಟ್ಟಿಯಾಗಿ ಬೇಯಿಸಿ.

ಮಳೆ ರಜೆಯ ತೊಡಕು ಬೇರೆ. ರಜೆಯ ಸುದ್ದಿ ಹಿಂದಿನ ರಾತ್ರಿಯೋ ಅಂದು ಬೆಳಿಗ್ಗೆಯೋ ಬರುತ್ತದೆ. ಹಳ್ಳ ತುಂಬಿರುವುದರಿಂದಲೇ ರಜೆ ಕೊಟ್ಟಿರುತ್ತಾರೆ, ಅಂಥ ದಿನ ಮಕ್ಕಳನ್ನು ಊಟಕ್ಕೆಂದು ಸಂಕ ದಾಟಿಸಿ ಕರೆಸುವುದು ಸರಿಯಲ್ಲ. ನಾವು ಊರನ್ನು ಹಳ್ಳದ ಆಚೆ ಈಚೆ ಎಂದು ಎರಡು ಮಾಡಿ, ಆಚೆಯ ಒಂದು ಮನೆಯಲ್ಲಿ ನಾಲ್ಕು ದಿನದ ಅಕ್ಕಿ, ಬೇಳೆ, ಹುರಿದ ಕಡಲೆಬೀಜ, ಬೆಲ್ಲ ಇಟ್ಟಿರುತ್ತೇವೆ. ಆ ಮನೆಯವರು ತಮ್ಮ ಒಲೆಯಲ್ಲೇ ಬೇಯಿಸಿ ಅಕ್ಕಪಕ್ಕದ ಏಳು ಮಕ್ಕಳಿಗೆ ಬಡಿಸುತ್ತಾರೆ. ಕರೆಂಟು, ಫೋನು ಎರಡೂ ಇಲ್ಲದ ದಿನಗಳಲ್ಲೂ ಇದು ನಡೆದಿದೆ.

ಲೆಕ್ಕ

ಒಂದೇ ಉದ್ದ ಪುಸ್ತಕ ಸಾಕು. ದಿನಾಂಕ, ಎಷ್ಟು ಮಕ್ಕಳು, ಏನು ಮಾಡಿದ್ದು, ಎಷ್ಟು ಉಳಿಯಿತು, ಎಷ್ಟು ಖರ್ಚು. ಎರಡು ವಾರದ ಒಟ್ಟು ಖರ್ಚನ್ನು, ಅಡುಗೆಯವರ ಸಂಭಾವನೆಯನ್ನೂ ಗ್ಯಾಸನ್ನೂ ಸೇರಿಸಿ, ಎರಡು ವಾರದ ಒಟ್ಟು ಹಾಜರಾತಿಯಿಂದ ಭಾಗಿಸಿದರೆ ತಲೆಗೆ ದಿನಕ್ಕೆ ಬೀಳುವ ಖರ್ಚು ಸಿಗುತ್ತದೆ. ದಾನಿಗಳ ಮುಂದೆ ಇಡಬೇಕಾದದ್ದು ಈ ಅಂಕಿಯನ್ನು. ಹುಟ್ಟುಹಬ್ಬಕ್ಕೆ ಕೇಕು, ಚಾಕೊಲೇಟು ಕೊಡುತ್ತೇವೆನ್ನುವವರಿಗೆ ‘ಒಂದು ದಿನದ ಅವಲಕ್ಕಿ ನಿಮ್ಮದಿರಲಿ’ ಎನ್ನಿ. ಪೇಟೆಯಿಂದ ಬರುವ ಬಿಸ್ಕತ್ತಿನ ಪೆಟ್ಟಿಗೆಯನ್ನು ನಯವಾಗಿ ವಾಪಸು ಕಳಿಸಲು ಒಬ್ಬರು ಗಟ್ಟಿಗರು ಗುಂಪಿನಲ್ಲಿರಬೇಕು. ವಸ್ತುವಾಗಿ ಕೊಡುವವರನ್ನು ಬೇಸಿಗೆಯಲ್ಲೇ ಹಿಡಿಯಬೇಕು, ಅಡಿಕೆಯ ದುಡ್ಡು ಕೈಯಲ್ಲಿರುತ್ತದೆ, ಹಿತ್ತಲೂ ತುಂಬಿರುತ್ತದೆ.

ಮೇ ತಿಂಗಳ ಕೊನೆಯ ವಾರಕ್ಕೆ, ಮೃಗಶಿರ ಮಳೆ ಹಿಡಿಯುವ ಮೊದಲು, ಮುಗಿಸಬೇಕಾದ ಕೆಲಸಗಳಿವೆ. ಅವಲಕ್ಕಿ, ಕಾಳುಗಳನ್ನು ಎರಡು ಬಿಸಿಲು ಕಾಯಿಸಿ ಡಬ್ಬಿಗೆ ತುಂಬಬೇಕು. ಬೆಲ್ಲದ ಪಿಂಡಿಗಳನ್ನು ಹಾಳೆ ಸುತ್ತಿ ಮೇಲೆ ಕಟ್ಟಬೇಕು. ಹೆಂಚಿನ ಸೋರಿಕೆ ನೋಡಬೇಕು, ಗ್ಯಾಸಿನ ಇನ್ನೊಂದು ಸಿಲಿಂಡರು ತುಂಬಿಸಿಟ್ಟಿರಬೇಕು, ಆಚೆಯ ಮನೆಗೆ ನಾಲ್ಕು ದಿನದ ಸಾಮಾನು ತಲುಪಿರಬೇಕು. ಹಲಸಿನ ಹಣ್ಣು ತಿಂದ ಮಕ್ಕಳೇ ಬೀಜ ತೊಳೆದು ತಂದು ಕೊಡುತ್ತಾರೆ. ಅದಕ್ಕೆ ಕೆಮ್ಮಣ್ಣಿನ ರಾಡಿ ಬಳಿದು, ನೆರಳಿನಲ್ಲಿ ಒಣಗಿಸಿ, ಮೂಲೆಯಲ್ಲಿ ರಾಶಿ ಹಾಕುತ್ತೇವೆ. ಆಗಸ್ಟಿನ ಒಂದು ಸಂಜೆ ಸಾಮಾನಿನ ಗಾಡಿ ಬಾರದೆ ಡಬ್ಬಿ ಖಾಲಿಯಾದಾಗ ಆ ರಾಶಿಯಿಂದ ಎರಡು ಕಿಲೋ ಬೀಜ ತೆಗೆದು, ಮಣ್ಣು ತೊಳೆದು, ಉಪ್ಪು ಹಾಕಿ ಕುಕ್ಕರಿನಲ್ಲಿ ಐದು ಸೀಟಿ ಕೂಗಿಸಿದರೆ ಆವತ್ತಿನ ಐದೂಕಾಲು ತಪ್ಪುವುದಿಲ್ಲ.